ಹುಳ ಕಚ್ಚಿದ್ದಲ್ಲ, ನಾವೇ ಅರೆದುಕೊಂಡದ್ದು

ಮಳೆಗಾಲ ಹಿಡಿದರೆ ಮಂಗಳೂರಿನಲ್ಲಿ ದುಡಿಯುವ ಮಂದಿಯ ಬಾಯಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: "ರಾತ್ರಿ ಏನೋ ಕಡದೈತಿ." ಬೆಳಿಗ್ಗೆ ಎದ್ದಾಗ ನೋಡಿದರೆ ಏನೂ ಇರುವುದಿಲ್ಲ. ಸಂಜೆ ಹೊತ್ತಿಗೆ ಕುತ್ತಿಗೆಯೋ ಕೆನ್ನೆಯೋ ಉರಿಯತೊಡಗುತ್ತದೆ. ಮಾರನೇ ದಿನ ಬಾರುಕೋಲಿನಿಂದ ಬಾರಿಸಿದ ಹಾಗೆ ಉದ್ದಕ್ಕೆ ಕೆಂಪು ಗೆರೆ, ಅದರ ಮೇಲೆ ಸಣ್ಣ ಸಣ್ಣ ಗುಳ್ಳೆ. ಒಬ್ಬರು ಜೇಡ ಅನ್ನುತ್ತಾರೆ, ಇನ್ನೊಬ್ಬರು ಹಲ್ಲಿ ಮೂತ್ರ ಅನ್ನುತ್ತಾರೆ, ಮತ್ತೊಬ್ಬರು ಸರ್ಪಸುತ್ತು ಎಂದು ದೂರ ಸರಿಯುತ್ತಾರೆ.

ಇದರ ಹಿಂದಿರುವುದು ಭತ್ತದ ಕಾಳಿನಷ್ಟು ಉದ್ದದ, ಅದಕ್ಕಿಂತ ಸಪೂರವಾದ ಒಂದು ಹುಳ. ಅದರಿಂದ ಪಾರಾಗಲು ಬೇಕಾದದ್ದು ಒಂದು ತುಂಡು ಸಾಬೂನು, ಒಂದು ಸೊಳ್ಳೆಪರದೆ, ಎರಡು ಮಾತಿನ ತಿಳಿವಳಿಕೆ. ಮೊದಲಿನ ಎರಡು ಅಂಗಡಿಯಲ್ಲಿ ಸಿಗುತ್ತವೆ. ಮೂರನೆಯದು ದುಡಿಯುವ ಮಂದಿಗೆ ಇನ್ನೂ ಮುಟ್ಟಿಲ್ಲ. ಅದನ್ನು ಮುಟ್ಟಿಸುವುದು ಯಾರ ಕೆಲಸ ಅನ್ನುವುದೇ ನನ್ನ ಪ್ರಶ್ನೆ.

ಎರಿ ಹೊಲದವನಿಗೆ ಈ ಉಸಾಬರಿ ಯಾಕೆ?

ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವ. ಆರು ಎಕರೆ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ಏಳನೇ ಇಯತ್ತೆ ಮುಗಿಸಿ ರೆಂಟೆ ಹಿಡಿದವನು ಇವತ್ತಿಗೂ ಮಳೆ ನಂಬಿಯೇ ಬಿತ್ತುತ್ತಿದ್ದೇನೆ. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬಿದ್ದರೆ ಪುಣ್ಯ. ಮಂಗಳೂರಿನಲ್ಲಿ 3,500 ಮಿ.ಮೀ.ಗೂ ಹೆಚ್ಚು ಬೀಳುತ್ತದೆ. ಅಲ್ಲಿಯ ಹುಳಕ್ಕೂ ನನಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು.

ಸಂಬಂಧ ಹೊಟ್ಟೆಪಾಡಿನದು. ಗದಗ, ಕೊಪ್ಪಳ, ಬಾಗಲಕೋಟೆ ಕಡೆಯ ಒಣಬೇಸಾಯದ ಮಂದಿ ಮಂಗಳೂರಿಗೆ ದುಡಿಯಲು ಹೋಗುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಗಾರೆ ಕೆಲಸ, ಸೆಂಟ್ರಿಂಗು, ಪೈಪಿಗೆ ತಗ್ಗು ತೋಡುವುದು, ಬಂದರಿನಲ್ಲಿ ಹೊರುವುದು, ಎಲ್ಲದರಲ್ಲೂ ನಮ್ಮವರಿದ್ದಾರೆ. 2023ರ ಬರದಲ್ಲಿ ಹೆಸರು ಒಣಗಿ ಹೋದಾಗ ನನ್ನ ಮಗನೂ ಹೋದ, ಅಲ್ಲೇ ನಿಂತ. ಅದಾದ ಮೇಲೆ ಮಳೆಗಾಲದಲ್ಲಿ ಹೊಲದ ಕೆಲಸ ಇಲ್ಲದಾಗ ನಾನೂ ಹೋಗಿ ಹದಿನೈದು ದಿನ, ತಿಂಗಳು ಅವನ ಶೆಡ್ಡಿನಲ್ಲಿ ಇದ್ದು ಬರುತ್ತೇನೆ. ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ.

ಶೆಡ್ಡಿನಲ್ಲಿ ಕಂಡದ್ದು

ಶೆಡ್ಡು ಊರ ಅಂಚಿನಲ್ಲಿದೆ. ತಗಡಿನ ಮಾಡು, ತಗಡಿನ ಗೋಡೆ, ಗೋಡೆಗೂ ಮಾಡಿಗೂ ನಡುವೆ ಒಂದು ಗೇಣು ಸಂದು. ಹಿಂದೆ ಹಡಿಲು ಬಿದ್ದ ಗದ್ದೆ. ಬೇಸಾಯ ಬಿಟ್ಟ ಗದ್ದೆಗೆ ಅಲ್ಲಿ ಹಾಗೆನ್ನುತ್ತಾರೆ. ಮೊಣಕಾಲುದ್ದ ಹುಲ್ಲು, ಅಡಿಯಲ್ಲಿ ನೀರು, ಕೊಳೆತ ಸೊಪ್ಪು. ಶೆಡ್ಡಿನ ಒಳಗೆ ಸರಿಯಾಗಿ ಮಲಗುವ ಜಾಗದ ಮೇಲೆ ಬಿಳಿ ಟ್ಯೂಬ್‌ಲೈಟು. ಹಾವು ಬಂದೀತು ಎಂದು ರಾತ್ರಿಯೆಲ್ಲ ಉರಿಸುತ್ತಾರೆ. ಹುಳಕ್ಕೆ ಕರೆಯೋಲೆ ಕೊಟ್ಟ ಹಾಗೆ.

ಒಂದು ವಾರದಲ್ಲಿ ಐದು ಜನಕ್ಕೆ ಗೆರೆ ಎದ್ದಿತು. ನಮ್ಮೂರಿನ ಪಕ್ಕದ ಹಳ್ಳಿಯ ಒಬ್ಬ ಹುಡುಗನಿಗೆ ಕುತ್ತಿಗೆಯಿಂದ ಕೆನ್ನೆಯವರೆಗೆ. "ಏನ್ ಕಡದೈತೋ ಏನೋ ಕಾಕಾ, ಕೆಂಡ ಇಟ್ಟಂಗ ಉರೀತೈತಿ" ಅಂದ. ಉರಿಗೆ ಒಬ್ಬರು ಸುಣ್ಣ ಹಚ್ಚಿದರು, ಇನ್ನೊಬ್ಬರು ಹಲ್ಲುಜ್ಜುವ ಪೇಸ್ಟು. ಗುಳ್ಳೆ ಒಡೆದು ಕೀವಾಯಿತು. ಮೂರನೇ ದಿನ ಕಣ್ಣು ಊದಿ ಮುಚ್ಚಿಕೊಂಡಿತು. ಮೇಸ್ತ್ರಿ ಬಂದು ನೋಡಿ, "ಇದು ಸರ್ಪಸುತ್ತು, ಬೇರೆಯವರಿಗೆ ಅಂಟುತ್ತದೆ, ಊರಿಗೆ ಕಳಿಸಿ" ಎಂದು ಹೇಳಿ ಹೋದ. ಹುಡುಗನ ತಟ್ಟೆ ಲೋಟ ಬೇರೆ ಮಾಡಿದರು. ಮೈಯ ಉರಿಗಿಂತ ಆ ಮಾತಿನ ಉರಿ ಹೆಚ್ಚಾಯಿತು ಅವನಿಗೆ.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ದೂರದಿಂದಲೇ ನೋಡಿ ನಕ್ಕರು. "ಇದು ಕಚ್ಚಿದ್ದಲ್ಲ ಮಾರಾಯ್ರೇ, ಹುಳವನ್ನು ಇವನೇ ಅರೆದದ್ದು. ಮಳೆಗಾಲದಲ್ಲಿ ಇಂಥದ್ದು ತುಂಬ ಉಂಟು" ಅಂದರು. ಮುಲಾಮು ಕೊಟ್ಟರು, ಕಣ್ಣಿಗೆ ಬೇರೆ ಹನಿ ಕೊಟ್ಟರು. ಎರಡು ವಾರದಲ್ಲಿ ವಾಸಿಯಾಯಿತು. ಕಪ್ಪು ಕಲೆ ಮಾತ್ರ ತಿಂಗಳುಗಟ್ಟಲೆ ಉಳಿಯಿತು. ದಿನಕ್ಕೆ 800 ರೂಪಾಯಿ ಪಗಾರದ ಹುಡುಗನಿಗೆ ಏಳು ದಿನದ ಕೆಲಸ ಹೋಯಿತು. ಅಂದರೆ 5,600 ರೂಪಾಯಿ. ಔಷಧಿ, ಆಟೋ ಖರ್ಚು ಬೇರೆ. ಅಷ್ಟು ದುಡ್ಡು ಇದ್ದಿದ್ದರೆ ಅವರ ಮನೆಯಲ್ಲಿ ಹಿಂಗಾರಿಯ ಕಡಲೆ ಬೀಜಕ್ಕೆ ಸಾಲ ಮಾಡಬೇಕಾಗುತ್ತಿರಲಿಲ್ಲ.

"ಇದರಿಂದ ಯಾರೂ ಸಾಯುವುದಿಲ್ಲ, ಇದಕ್ಯಾಕೆ ಇಷ್ಟು ದೊಡ್ಡ ಮಾತು?" ಎನ್ನುವವರಿಗೆ ನನ್ನ ಉತ್ತರ ಈ ಲೆಕ್ಕ.

ಹುಳದ ಗುಣ

ಇಂಗ್ಲಿಷ್ ಕಲಿತವರು ಇದನ್ನು ರೋವ್ ಬೀಟಲ್ ಎನ್ನುತ್ತಾರೆ. ವಿಜ್ಞಾನದವರ ಹೆಸರು ಪಿಡೆರಸ್. ಈಚೆಗೆ ಆಸಿಡ್ ಹುಳ ಎಂದೂ ಕೆಲವರು ಕರೆಯುತ್ತಾರೆ. ಉದ್ದ 7ರಿಂದ 10 ಮಿ.ಮೀ. ತಲೆ ಕಪ್ಪು, ಎದೆ ಕಿತ್ತಳೆ ಕೆಂಪು, ನಡುವೆ ನೀಲಿ-ಹಸಿರು ಹೊಳೆಯುವ ಗಿಡ್ಡ ರೆಕ್ಕೆಮುಚ್ಚಳ, ಆಮೇಲೆ ಮತ್ತೆ ಕಿತ್ತಳೆ ಹೊಟ್ಟೆ, ತುದಿ ಕಪ್ಪು. ಥಟ್ಟನೆ ನೋಡಿದರೆ ಬಣ್ಣದ ಇರುವೆ ಅನ್ನಿಸುತ್ತದೆ. ಓಡುವಾಗ ಬಾಲ ಮೇಲೆತ್ತುತ್ತದೆ. ಅದನ್ನು ಕಂಡು ಚುಚ್ಚುತ್ತದೆ ಎಂದು ಮಂದಿ ಹೆದರುತ್ತಾರೆ.

ಈ ಹುಳಕ್ಕೆ ಚುಚ್ಚುವ ಕೊಂಡಿ ಇಲ್ಲ. ನಮ್ಮನ್ನು ಕಚ್ಚಿ ವಿಷ ಬಿಡುವುದೂ ಇಲ್ಲ. ವಿಷ ಇರುವುದು ಅದರ ಮೈಯೊಳಗಿನ ರಸದಲ್ಲಿ. ಆ ವಿಷಕ್ಕೆ ಪೆಡೆರಿನ್ ಎಂದು 1953ರಲ್ಲಿ ಇಟಲಿಯ ವಿಜ್ಞಾನಿಗಳು ಹೆಸರಿಟ್ಟರು. ಅದನ್ನು ತಯಾರಿಸುವುದು ಹುಳವೂ ಅಲ್ಲ, ಹುಳದ ಮೈಯೊಳಗೆ ಬಾಳುವ ಸೂಕ್ಷ್ಮಾಣು ಎಂದು ಆಮೇಲೆ ತಿಳಿಯಿತು. ಹುಳ ಮೈಮೇಲೆ ನಡೆದು ಹೋದರೆ ಏನೂ ಆಗುವುದಿಲ್ಲ. ನಿದ್ದೆಗಣ್ಣಲ್ಲಿ ನಾವು ಅದನ್ನು ಹೊಡೆದು, ಅರೆದು, ಒರೆಸುತ್ತೇವಲ್ಲ, ಆಗ ರಸ ಚರ್ಮಕ್ಕೆ ಹತ್ತುತ್ತದೆ. ಕೈ ಎಲ್ಲಿಯವರೆಗೆ ಎಳೆಯಿತೋ ಅಲ್ಲಿಯವರೆಗೆ ಗೆರೆ. ಮೊಣಕೈ ಮಡಿಕೆಯಲ್ಲಿ ಅರೆದರೆ ಎದುರು ಚರ್ಮಕ್ಕೂ ಅಚ್ಚು ಒತ್ತಿದಂತೆ ಅದೇ ಗುಳ್ಳೆ ಏಳುತ್ತದೆ. ಅದೇ ಕೈಯಲ್ಲಿ ಕಣ್ಣು ಉಜ್ಜಿದರೆ ಕಣ್ಣಿಗೆ.

ಮೋಸ ಇರುವುದು ಹೊತ್ತಿನಲ್ಲಿ. ರಸ ಹತ್ತಿದ ಕೂಡಲೇ ಉರಿ ಬರುವುದಿಲ್ಲ. ಅರ್ಧ ದಿನದಿಂದ ಎರಡು ದಿನದ ಒಳಗೆ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಹುಳ ಗುಡಿಸಿ ಹೋಗಿರುತ್ತದೆ. ಹಾಗಾಗಿ ಕಾರಣ ಯಾವುದು, ಫಲ ಯಾವುದು ಎಂದು ಮಂದಿಗೆ ಕೊಂಡಿ ಸಿಗುವುದಿಲ್ಲ. ಚೇಳು ಕಚ್ಚಿದರೆ ಯಾರೂ ಹೇಳಿಕೊಡಬೇಕಾಗಿಲ್ಲ, ಆ ಕ್ಷಣಕ್ಕೆ ತಿಳಿಯುತ್ತದೆ. ಈ ಹುಳದ ಸಂಗತಿ ಹಾಗಲ್ಲ, ಯಾರಾದರೂ ಹೇಳಿಕೊಡಲೇಬೇಕು.

ಸರ್ಪಸುತ್ತು ಬೇರೆ, ಇದು ಬೇರೆ

ಎರಡರಲ್ಲೂ ಉರಿ ಉಂಟು, ಗುಳ್ಳೆ ಉಂಟು, ಅದಕ್ಕೇ ಗೊಂದಲ. ಸರ್ಪಸುತ್ತು ಒಳಗಿನ ರೋಗಾಣುವಿನಿಂದ ಬರುವಂಥದು. ಹಿಂದೆಂದೋ ಸೀತಾಳೆ ಸಿಡುಬು ಆದವರ ಮೈಯಲ್ಲಿ ನರದ ಬೇರಿನಲ್ಲಿ ಅಡಗಿದ್ದ ರೋಗಾಣು ಮತ್ತೆ ಏಳುತ್ತದೆ. ಸಾಧಾರಣವಾಗಿ ಮೈಯ ಒಂದೇ ಮಗ್ಗುಲಿಗೆ ನರದ ದಾರಿ ಹಿಡಿದು ಪಟ್ಟಿಯಾಗಿ ಬರುತ್ತದೆ. ಹೆಚ್ಚಿನವರಿಗೆ ಗುಳ್ಳೆಗೆ ಮುಂಚೆಯೇ ಆ ಜಾಗದಲ್ಲಿ ನೋವು, ಉರಿ ಇರುತ್ತದೆ. ಹುಳದ ಗೆರೆಗೆ ನರದ ದಾರಿ ಇಲ್ಲ, ಕೈ ಎಳೆದ ದಾರಿ. ಬಟ್ಟೆ ಮುಚ್ಚದ ಜಾಗದಲ್ಲೇ ಹೆಚ್ಚು: ಮುಖ, ಕುತ್ತಿಗೆ, ತೋಳು.

ಹುಳದ ಗುಳ್ಳೆ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ತಟ್ಟೆ ಲೋಟ ಬೇರೆ ಮಾಡುವ ಕಾರಣವೇ ಇಲ್ಲ. ರಸ ಹತ್ತಿದ ಕೈ, ಹಾಸಿಗೆ, ಟವೆಲು ತೊಳೆದರೆ ಮುಗಿಯಿತು.

ತಪ್ಪು ತಿಳಿದರೆ ಎರಡೂ ಕಡೆಯಿಂದ ಲುಕ್ಸಾನು. ಹುಳದ ಉರಿಯನ್ನು ಸರ್ಪಸುತ್ತು ಎಂದುಕೊಂಡರೆ ಬೇಡದ ಭಯ, ಬೇಡದ ಲೇಪ. ನಿಜವಾದ ಸರ್ಪಸುತ್ತನ್ನು ಹುಳ ಎಂದುಕೊಂಡು ಸುಮ್ಮನೆ ಕೂತರೆ ಔಷಧಿಯ ಹೊತ್ತು ತಪ್ಪುತ್ತದೆ. ಅದರ ಮಾತ್ರೆಯನ್ನು ಗುಳ್ಳೆ ಎದ್ದ 3 ದಿನದೊಳಗೆ ಶುರು ಮಾಡಿದರೆ ಗುಣ ಚೆನ್ನಾಗಿ ಕಾಣುತ್ತದೆ. ಅನುಮಾನ ಇದ್ದರೆ ಡಾಕ್ಟರಿಗೆ ತೋರಿಸುವುದೇ ಸರಿ.

ಗದ್ದೆಗೆ ಗೆಳೆಯ

ಇನ್ನು ರೈತರಾದ ನಾವು ಮರೆಯಬಾರದ ಮಾತು. ಹಾಸಿಗೆಯಲ್ಲಿ ಶತ್ರುವಾದ ಈ ಹುಳ ಗದ್ದೆಯಲ್ಲಿ ನಮ್ಮ ಆಳು. ಪಗಾರ ಕೇಳದ ಆಳು. ಭತ್ತದ ಬುಡದಿಂದ ತುದಿಗೆ ಹತ್ತಿ ಇಳಿದು ಜಿಗಿಹುಳ, ಅದರ ಮರಿ, ಪತಂಗದ ಮೊಟ್ಟೆ, ಸಣ್ಣ ಮರಿಹುಳ ಹಿಡಿದು ತಿನ್ನುತ್ತದೆ. ಕಂದು ಜಿಗಿಹುಳದಿಂದ ಗದ್ದೆಯೇ ಸುಟ್ಟಂತಾದುದನ್ನು ಕಂಡ ಭತ್ತದ ರೈತನಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಇದು ಹುಟ್ಟಿ ಬೆಳೆಯುವುದು ಹಸಿ ನೆಲದಲ್ಲಿ, ಕೊಳೆತ ಸೊಪ್ಪಿನ ಅಡಿಯಲ್ಲಿ. ಗದ್ದೆ ಅಂಚು, ತೋಡಿನ ಬದಿ, ಹಡಿಲು ಭೂಮಿ ಇದರ ಮನೆ. ಮಳೆ ಜೋರಾಗಿ ನೀರು ಏರಿದರೆ, ಇಲ್ಲವೇ ಕೊಯಿಲಾಗಿ ಆಸರೆ ಹೋದರೆ, ಹೊರಗೆ ಹೊರಡುತ್ತದೆ. ಕತ್ತಲಾದ ಮೇಲೆ ಬೆಳಕು ಕಂಡಲ್ಲಿಗೆ ಹಾರುತ್ತದೆ. ಮಂಗಳೂರಿನಲ್ಲಿ ಗದ್ದೆ ಇದ್ದ ಜಾಗಕ್ಕೇ ಈಗ ಮನೆ, ಹಾಸ್ಟೆಲು, ಶೆಡ್ಡು ಬಂದಿವೆ. ಹುಳ ನಮ್ಮ ಮನೆಗೆ ಬಂದದ್ದು ಅನ್ನುವುದಕ್ಕಿಂತ ನಾವು ಅದರ ಮನೆ ಪಕ್ಕ ದೀಪ ಹಚ್ಚಿದ್ದು ಅನ್ನುವುದು ಸರಿ.

ಹಾಗಾಗಿ "ಗದ್ದೆಗೆಲ್ಲ ಔಷಧಿ ಹೊಡೆಯಿರಿ, ಹುಳ ಸಾಯಲಿ" ಎನ್ನುವವರ ಮಾತು ಕೇಳಬೇಡಿ. ಹೊಡೆದರೆ ಮೊದಲು ಸಾಯುವುದು ಗೆಳೆಯ ಹುಳ, ಜೇಡ, ಏರೋಪ್ಲೇನ್ ಚಿಟ್ಟೆ. ಆಮೇಲೆ ಜಿಗಿಹುಳ ಎದ್ದರೆ ಹಿಡಿಯುವವರಿಲ್ಲ. ಒಂದು ರಾತ್ರಿಯ ಉರಿ ತಪ್ಪಿಸಲು ಹೋಗಿ ವರ್ಷದ ಅನ್ನಕ್ಕೆ ವಿಷ ಹಾಕಿದ ಹಾಗಾಗುತ್ತದೆ. ಹುಳವನ್ನು ಗದ್ದೆಯಲ್ಲಿ ಇರಲು ಬಿಡಿ, ಹಾಸಿಗೆಗೆ ಬರದ ಹಾಗೆ ನೋಡಿಕೊಳ್ಳಿ. ಇಷ್ಟೇ ಉಪಾಯ.

ನಮ್ಮ ಕಡೆಯ ಬೊಬ್ಬೆ ಹುಳ

ಒಣಬೇಸಾಯದವರು "ನಮಗೆ ಇದಿಲ್ಲ" ಎಂದು ಸುಮ್ಮನಾಗಬೇಡಿ. ಹೆಸರು, ಅಲಸಂದಿ, ತೊಗರಿ ಹೂವಿನ ಹೊತ್ತಿಗೆ ಕಪ್ಪು ಮೈಗೆ ಕಿತ್ತಳೆ ಪಟ್ಟಿಯ ದಪ್ಪ ದುಂಬಿ ಬಂದು ಹೂವು ಮೇಯುವುದನ್ನು ಎಲ್ಲರೂ ಕಂಡಿದ್ದೀರಿ. ಅದನ್ನು ಹಿಡಿದರೆ ಕಾಲಿನ ಗೆಣ್ಣಿನಿಂದ ಹಳದಿ ರಸ ಬಿಡುತ್ತದೆ. ಹತ್ತಿದ ಕಡೆ ಬೊಬ್ಬೆ. ಇದರ ವಿಷ ಬೇರೆ, ಹೆಸರು ಕ್ಯಾಂಥರಿಡಿನ್. ಹೊಲದಲ್ಲಿ ನಮ್ಮ ಹೆಣ್ಣುಮಕ್ಕಳು ಬರಿಗೈಯಲ್ಲಿ ಇದನ್ನು ಹಿಡಿದು ಹಿಸುಕುತ್ತಾರೆ, ಆಮೇಲೆ ಬೆರಳು ಊದಿಸಿಕೊಳ್ಳುತ್ತಾರೆ. ಬೆಳಗಿನ ತಂಪಿನಲ್ಲಿ ಬಲೆಚೀಲಕ್ಕೆ ಕೊಡವಿ ಸಾಬೂನು ನೀರಿಗೆ ಹಾಕಿದರೆ ಕೈಗೂ ಸುಖ, ಹೊಲಕ್ಕೂ ಸುಖ. ಇದರ ಮರಿಯೂ ಒಂದು ಉಪಕಾರ ಮಾಡುತ್ತದೆ, ನೆಲದೊಳಗಿನ ಮಿಡತೆ ಮೊಟ್ಟೆ ತಿನ್ನುತ್ತದೆ.

ದನದ ಮೇವಿನಲ್ಲಿಯೂ ಎಚ್ಚರ ಬೇಕು. ಅಮೆರಿಕದಲ್ಲಿ ಕುದುರೆ ಮಸಾಲೆ ಸೊಪ್ಪಿನ ಒಣಮೇವಿನಲ್ಲಿ ಈ ಜಾತಿಯ ಹುಳಗಳು ಸೇರಿ ಕುದುರೆಗಳು ಸತ್ತದ್ದುಂಟು. ಸತ್ತರೂ, ಒಣಗಿದರೂ ಇದರ ವಿಷ ಹೋಗುವುದಿಲ್ಲ.

ರಬ್ಬರು ತೋಟದ ಮಂದಿಗೆ ಮೂರನೆಯದೊಂದು ಕಾಟ ಇದೆ, ಕೇರಳದಲ್ಲಿ ಮುಪ್ಲಿ ಎನ್ನುವ ಕಪ್ಪು ಹುಳ. ರಬ್ಬರಿನ ಉದುರೆಲೆಯಲ್ಲಿ ಬೆಳೆದು, ಮುಂಗಾರಿಗೆ ಮೊದಲು ಸಾವಿರಗಟ್ಟಲೆ ಮನೆಯ ಮಾಡಿಗೆ ಬಂದು ಸೇರುತ್ತದೆ. ಮುಟ್ಟಿದರೆ ನಾತದ ರಸ ಬಿಡುತ್ತದೆ, ಚರ್ಮ ಉರಿಯುತ್ತದೆ. ಹುಳ ಮೂರು, ಪಾಠ ಒಂದೇ: ಬರಿಗೈಯಲ್ಲಿ ಹಿಸುಕಬೇಡಿ, ದೀಪದ ಅಡಿ ಮಲಗಬೇಡಿ.

ಮಲೇರಿಯಾಕ್ಕೆ ಮಾಡಿದ್ದು ಇದಕ್ಕೂ ಆಗಲಿ

1990ರ ದಶಕದಲ್ಲಿ ಮಂಗಳೂರಿನಲ್ಲಿ ಮಲೇರಿಯಾ ಜೋರಾಯಿತು. ಕಟ್ಟಡ ಏಳುವ ಕಡೆ ನಿಂತ ನೀರು, ಅಲ್ಲೇ ಮಲಗುವ ಕೂಲಿಗಳು. ಆಗಿನಿಂದ ಡಾಕ್ಟರುಗಳು, ನಗರಪಾಲಿಕೆ, ಆರೋಗ್ಯ ಇಲಾಖೆ ಸೇರಿ ಕೂಲಿಗಳ ಶೆಡ್ಡಿಗೇ ಹೋಗಿ ರಕ್ತ ಪರೀಕ್ಷೆ, ನೀರು ನಿಲ್ಲಿಸಿದವರಿಗೆ ದಂಡ, ಪರದೆ ಹಂಚುವುದು ಎಲ್ಲ ಮಾಡುತ್ತ ಬಂದರು. 2015ರಲ್ಲಿ ಕೈಯಲ್ಲಿ ಟ್ಯಾಬ್ ಹಿಡಿದು ರೋಗಿಗಳ ಲೆಕ್ಕ ಇಡುವ ಏರ್ಪಾಡೂ ಬಂತು. ಮಲೇರಿಯಾ ತುಂಬ ಇಳಿಯಿತು. ಅಂದರೆ ಶೆಡ್ಡಿನವರೆಗೆ ಹೋಗುವ ದಾರಿ ಮಂಗಳೂರಿಗೆ ಗೊತ್ತಿದೆ. ಅದೇ ದಾರಿಯಲ್ಲಿ ಹೋಗುವವರ ಕೈಯಲ್ಲಿ ಇನ್ನೊಂದು ಚೀಟಿ ಇರಲಿ ಎನ್ನುವುದಷ್ಟೇ ನನ್ನ ಬೇಡಿಕೆ. ಹೊಸ ಇಲಾಖೆ ಬೇಡ, ಹೊಸ ಅನುದಾನವೂ ಬೇಡ.

ಈ ಹುಳದ ಕಾಟ ಮಂಗಳೂರಿಗೊಂದೇ ಅಲ್ಲ. ಆಫ್ರಿಕದ ಕೀನ್ಯಾದಲ್ಲಿ 1997-98ರ ಎಲ್ ನಿನೊ ಮಳೆಯ ನಂತರ ಇದರ ಹಾವಳಿ ದೊಡ್ಡದಾಗಿತ್ತು. ಅಲ್ಲಿಯ ರಾಜಧಾನಿಯ ಹೆಸರಿನಿಂದ ಲೋಕವೆಲ್ಲ ಇದನ್ನು ನೈರೋಬಿ ಹುಳ ಎನ್ನುತ್ತದೆ. ನಮ್ಮ ದೇಶದಲ್ಲಿ 2022ರ ಜುಲೈಯಲ್ಲಿ ಸಿಕ್ಕಿಂನ ಒಂದು ಎಂಜಿನಿಯರಿಂಗ್ ಕಾಲೇಜಿನ ಸುಮಾರು 100 ವಿದ್ಯಾರ್ಥಿಗಳಿಗೆ ಹತ್ತಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಕಾಲೇಜಿನ ಹುಡುಗರಿಗೆ ಆದರೆ ಸುದ್ದಿ. ತಗಡಿನ ಶೆಡ್ಡಿನವರಿಗೆ ವರ್ಷಾ ವರ್ಷಾ ಆದರೂ ಸುದ್ದಿಯಲ್ಲ. ನನ್ನ ತಕರಾರು ಇದರ ಮೇಲೆ.

ಯಾರು ಏನು ಮಾಡಬೇಕು?

ಆರೋಗ್ಯ ಇಲಾಖೆಯವರು ಮೇ ತಿಂಗಳಲ್ಲೇ ಮಲೇರಿಯಾ, ಡೆಂಗಿ ಚೀಟಿಯ ಜೊತೆ ಈ ಹುಳದ ಬಣ್ಣದ ಚಿತ್ರ ಇರುವ ಚೀಟಿ ಹಂಚಲಿ. ಚಿತ್ರ ಮುಖ್ಯ, ಅಕ್ಷರ ಆಮೇಲೆ. ಕನ್ನಡ, ತುಳು ಮಾತಾಡುವವರಷ್ಟೇ ಅಲ್ಲ, ಒಡಿಶಾ, ಬಿಹಾರ, ಬಂಗಾಳದಿಂದ ಬಂದವರೂ ಅದೇ ಶೆಡ್ಡಿನಲ್ಲಿ ಮಲಗುತ್ತಾರೆ. ಹಿಂದಿಯಲ್ಲೂ ಇರಲಿ.

ಗುತ್ತಿಗೆದಾರರು ಮಲಗುವ ಜಾಗದಿಂದ ಟ್ಯೂಬ್‌ಲೈಟು ತೆಗೆದು ಶೆಡ್ಡಿನಿಂದ ದೂರ ಹಾಕಿಸಲಿ. ಒಳಗೆ ಬೇಕೇ ಬೇಕೆಂದರೆ ಸಣ್ಣ ಹಳದಿ ದೀಪ ಸಾಕು, ಅದಕ್ಕೆ ಹುಳ ಬರುವುದು ಕಡಿಮೆ. ಸಂದಿಗೆ ಬಲೆ ಬಡಿಸಲಿ. ಸುತ್ತ ಹುಲ್ಲು, ಕೊಳೆತ ಕಸ ತೆಗೆಸಲಿ. ತಲೆಗೊಂದು ಸೊಳ್ಳೆಪರದೆ ಕೊಡಲಿ. ಸೊಳ್ಳೆಗೂ ಆಯಿತು, ಹುಳಕ್ಕೂ ಆಯಿತು. ಗುಳ್ಳೆ ಎದ್ದವನನ್ನು ಊರಿಗೆ ಅಟ್ಟುವ ಮೊದಲು ಡಾಕ್ಟರಿಗೆ ತೋರಿಸಲಿ.

ಹಾಸ್ಟೆಲು, ಶಾಲೆಗಳ ಮಾಸ್ತರುಗಳು ಮಳೆಗಾಲದ ಮೊದಲ ವಾರ ಐದು ನಿಮಿಷ ಇದನ್ನು ಹೇಳಲಿ. ಮಕ್ಕಳು ಮನೆಗೆ ಒಯ್ಯುತ್ತಾರೆ.

ಪತ್ರಿಕೆ, ಟಿ.ವಿ.ಯವರು ಆಸಿಡ್ ಎಂದು ಕೂಗಿ ಹೆದರಿಸದೆ ಸಾಬೂನು ಎಂದು ಹೇಳಲಿ.

ಇನ್ನು ನಾವು. ಮಗನನ್ನೋ ಮಗಳನ್ನೋ ದುಡಿಯಲು ಬಸ್ಸು ಹತ್ತಿಸುವಾಗ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತೇವೆ. ಅದರ ಜೊತೆ ಈ ಎರಡು ಮಾತನ್ನೂ ಕಟ್ಟಿಕೊಡೋಣ. ಮೊನ್ನೆ ನಮ್ಮೂರಿಂದ ಹೊರಟ ನಾಲ್ಕು ಹುಡುಗರಿಗೆ ನಾನು ಹೇಳಿ ಕಳಿಸಿದ್ದೇನೆ. ಕೆಳಗಿನದನ್ನು ಕತ್ತರಿಸಿ ಗೋಡೆಗೆ ಅಂಟಿಸಿದರೂ ನಡೆದೀತು.

ಗೋಡೆಗೆ ಅಂಟಿಸಲು

* ಕಿತ್ತಳೆ-ಕಪ್ಪು ಬಣ್ಣದ ಇರುವೆಯಂಥ ಹುಳ ಮೈಮೇಲೆ ಕಂಡರೆ ಹೊಡೆಯಬೇಡಿ, ಒರೆಸಬೇಡಿ. ಊದಿ ಹಾರಿಸಿ, ಇಲ್ಲವೇ ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಡಿ.
* ಅರೆದದ್ದು ಗೊತ್ತಾದರೆ ಉರಿಗಾಗಿ ಕಾಯಬೇಡಿ. ಆ ಜಾಗವನ್ನೂ ಎರಡೂ ಕೈಯನ್ನೂ ಕೂಡಲೇ ಸಾಬೂನು ಹಾಕಿ ಚೆನ್ನಾಗಿ ತೊಳೆಯಿರಿ. ಬಟ್ಟೆ, ಹಾಸಿಗೆ ಹೊದಿಕೆಯನ್ನೂ ತೊಳೆಯಿರಿ.
* ತೊಳೆಯದ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಕಣ್ಣಿಗೆ ತಾಗಿದರೆ ಬರೀ ನೀರಿನಲ್ಲಿ ತೊಳೆದು ಆವತ್ತೇ ಡಾಕ್ಟರಲ್ಲಿಗೆ ಹೋಗಿ.
* ಗುಳ್ಳೆ ಎದ್ದರೆ ತಣ್ಣೀರಿನ ಬಟ್ಟೆ ಇಡಿ. ಸುಣ್ಣ, ಪೇಸ್ಟು, ಬೂದಿ ಬೇಡ. ಒಡೆಯಬೇಡಿ, ಕೆರೆಯಬೇಡಿ. ಕೀವಾದರೆ, ಜ್ವರ ಬಂದರೆ, ಮುಖದಲ್ಲಿ ಎದ್ದರೆ ಆಸ್ಪತ್ರೆಗೆ.
* ಕತ್ತಲಾಗುವ ಮೊದಲು ಕಿಟಕಿ ಮುಚ್ಚಿ. ಮಲಗುವ ಮೊದಲು ಹಾಸಿಗೆ ಕೊಡವಿ. ದೀಪ ಆರಿಸಿ, ಪರದೆ ಕಟ್ಟಿ ಮಲಗಿ.
* ಇದು ಅಂಟುರೋಗವಲ್ಲ. ಯಾರನ್ನೂ ದೂರ ಮಾಡಬೇಡಿ.

ಕೊನೆಗೊಂದು ವಿನಂತಿ. ನಮ್ಮ ಶೆಡ್ಡಿನ ಮಂದಿಯ ಬಾಯಲ್ಲಿ ಈ ಹುಳಕ್ಕೆ ಹೆಸರಿಲ್ಲ, ಬರೀ "ಏನೋ". ಹೆಸರಿಲ್ಲದ್ದರ ಬಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಕಷ್ಟ. ಕರಾವಳಿ, ಮಲೆನಾಡಿನ ಭತ್ತದ ರೈತರೇ, ನಿಮ್ಮಲ್ಲಿ ಇದಕ್ಕೆ ಏನು ಹೆಸರಿದೆ? ಹಿರಿಯರು ಏನು ಉಪಾಯ ಮಾಡುತ್ತಿದ್ದರು? ಪತ್ರಿಕೆಗೆ ಒಂದು ಕಾರ್ಡು ಬರೆದು ತಿಳಿಸಿ. ಮುಂದಿನ ಮಳೆಗಾಲದೊಳಗೆ ಆ ಹೆಸರು ಶೆಡ್ಡು ಶೆಡ್ಡಿಗೆ ಮುಟ್ಟಲಿ.